ನೂರೆಂಟು ಮೊಟ್ಟೆ ಮತ್ತು ಒಂದು ರಾಫ್ಟು

ಎಲ್ಲರಿಗೂ ನಮಸ್ಕಾರ. ನನಗೆ ಕೊಟ್ಟದ್ದು ಇಪ್ಪತ್ತೈದು ನಿಮಿಷ. ಅದರಲ್ಲಿ ಹತ್ತು ಸ್ವಾಗತ ಭಾಷಣಕ್ಕೇ ಹೋಯಿತು. ಕಾಸರಗೋಡಿನ ಸಭೆ ಅಂದರೆ ಹಾಗೆಯೇ ಅಲ್ವಾ.

ಮುಂದಿನ ತಿಂಗಳು ನಮ್ಮ ಹದಿನಾಲ್ಕು ಮಕ್ಕಳು ಕೋಸ್ಟರಿಕಾಕ್ಕೆ ಹೊರಟಿದ್ದಾರೆ. ಹತ್ತು ದಿನ ಬೀಚಿನಲ್ಲಿ ಕಡಲಾಮೆಗಳ ಮೊಟ್ಟೆ ಕಾಯುವ, ಎಣಿಸುವ ಕೆಲಸ, ಆಮೇಲೆ ನಾಲ್ಕು ದಿನ ಪಕುವಾರೆ ಹೊಳೆಯಲ್ಲಿ ರಾಫ್ಟಿಂಗ್, ಕಾಡಿನಲ್ಲಿ ನಡಿಗೆ. ಮೊನ್ನೆ ಒಬ್ಬ ಹುಡುಗಿಯ ಅಜ್ಜಿ ನನ್ನನ್ನು ಬಸ್‌ಸ್ಟ್ಯಾಂಡಿನಲ್ಲಿ ಹಿಡಿದರು. "ಮಾಷ್ಟ್ರೇ, ಅಲ್ಲಿ ಅನ್ನ ಸಿಗ್ತದಾ?" ಸಿಗ್ತದೆ ಅಜ್ಜಿ, ಬೆಳಿಗ್ಗೆ ತಿಂಡಿಗೇ ಅನ್ನ. ಕರಿ ಬೀನ್ಸ್ ಹಾಕಿ ಹುರಿದು ಕೊಡುತ್ತಾರೆ, ಗಾಯೊ ಪಿಂಟೊ ಅಂತ ಹೆಸರು. ನಾವು ಹೋಗುವ ಕೆರಿಬಿಯನ್ ಕರಾವಳಿಯಲ್ಲಿ ಅನ್ನ ಬೇಯಿಸುವುದು ತೆಂಗಿನ ಹಾಲಿನಲ್ಲಿ. ಕುಚ್ಚಲಕ್ಕಿ ಅಲ್ಲ, ಅಷ್ಟೇ ಬೇಜಾರು.

ಅಪ್ಪ ಅಮ್ಮಂದಿರು ನನ್ನ ಹತ್ತಿರ ಹೇಳುವ ಮಾತು ಒಂದೇ. "ಆ ಆಮೆ ಕೆಲಸ ಒಳ್ಳೆಯದು ಮಾಷ್ಟ್ರೇ, ಪುಣ್ಯದ ಕೆಲಸ. ಈ ರಾಫ್ಟಿಂಗ್ ಎಲ್ಲ ಎಂತಕ್ಕೆ?" ನನಗೆ ಇದು ಉಲ್ಟಾ ಅಂತ ಅನಿಸುತ್ತದೆ. ರಾಫ್ಟಿನಲ್ಲಿ ನಿಮಗೆ ಯಾರೂ ಥ್ಯಾಂಕ್ಸ್ ಹೇಳುವುದಿಲ್ಲ. ಗೈಡ್ ಮುಂದಕ್ಕೆ ಅಂದರೆ ಮುಂದಕ್ಕೆ ಹುಟ್ಟು ಹಾಕಬೇಕು. ಕೆಳಗೆ ಅಂದರೆ ರಾಫ್ಟಿನೊಳಗೆ ಕುಕ್ಕರಿಸಬೇಕು. ನೀವು ಯಾರ ಮಗ, ಎಷ್ಟು ಮಾರ್ಕು ಅಂತ ಹೊಳೆ ಕೇಳುವುದಿಲ್ಲ. ಆದರೆ ಆಮೆ ಬೀಚಿಗೆ ಕಾಲಿಟ್ಟ ಕೂಡಲೇ ನಮಗೆ ನಾವೇ ದೊಡ್ಡ ಉಪಕಾರಿಗಳಾಗಿ ಕಾಣುತ್ತೇವೆ. ದುಡ್ಡು ಬೇರೆ ಕೊಟ್ಟಿರುತ್ತೇವೆ. ರೋಗ ಶುರುವಾಗುವುದೇ ಅಲ್ಲಿ. ಹಾಗಾಗಿ ನಾನು ಹೇಳುವುದು, ಬೀಚಿನಲ್ಲೂ ರಾಫ್ಟಿನಲ್ಲಿ ಕೂತ ಹಾಗೆ ಇರಿ.

ಹೋದ ಸಲದ ಒಂದು ಕತೆ ಹೇಳುತ್ತೇನೆ. ಇದರ ನಾಯಕ ಈಗ ಹಿಂದಿನ ಸಾಲಿನಲ್ಲೇ ಕೂತಿದ್ದಾನೆ. ತಿರುಗಿ ನೋಡಬೇಡಿ, ನಾಚುತ್ತಾನೆ.

ತೊಗಲು ಬೆನ್ನಿನ ಆಮೆ, ಲೆದರ್‌ಬ್ಯಾಕ್, ಕಡಲಾಮೆಗಳಲ್ಲೇ ದೊಡ್ಡದು. ಮುನ್ನೂರು, ನಾನೂರು ಕಿಲೋ ತೂಗುತ್ತದೆ. ನಮ್ಮ ದೇಶದಲ್ಲಿ ಇದನ್ನು ನೋಡಬೇಕಾದರೆ ಅಂಡಮಾನ್ ನಿಕೋಬಾರಿಗೆ ಹೋಗಬೇಕು. ನಮ್ಮ ನೀಲೇಶ್ವರದ ತೈಕಡಪ್ಪುರ ಬೀಚಿಗೆ ಬರುವುದು ಆಲಿವ್ ರಿಡ್ಲಿ ಆಮೆ, ಅದು ಇದರ ಮುಂದೆ ಮಗು. ತೊಗಲಾಮೆ ಎರಡು ಬಗೆಯ ಮೊಟ್ಟೆ ಇಡುತ್ತದೆ. ಮರಿ ಆಗುವ ದೊಡ್ಡವು ಸುಮಾರು ಎಂಬತ್ತು. ಕೊನೆಕೊನೆಗೆ, ಒಳಗೆ ಹಳದಿಯೇ ಇಲ್ಲದ ಸಣ್ಣ ಮೊಟ್ಟೆಗಳು. ಎರಡನ್ನೂ ಬೇರೆ ಬೇರೆ ಎಣಿಸಬೇಕು. ಮೊದಲ ದಿನದ ತರಬೇತಿಯಲ್ಲಿ ಇದನ್ನೇ ಹೇಳಿದ್ದರು. ನಮ್ಮ ನಾಯಕ ಆಗ ನಿದ್ದೆಯಲ್ಲಿದ್ದ. ಅವನದೂ ತಪ್ಪಲ್ಲ, ಅಲ್ಲಿಗೂ ನಮಗೂ ಹನ್ನೊಂದೂವರೆ ಗಂಟೆ ವ್ಯತ್ಯಾಸ.

ರಾತ್ರಿ ಹನ್ನೊಂದಕ್ಕೆ ಹೊರಟೆವು. ಕಪ್ಪು ಬಟ್ಟೆ. ಬಿಳಿ ಬೆಳಕಿನ ಟಾರ್ಚ್ ಇಲ್ಲ, ಮೊಬೈಲ್ ಇಲ್ಲ. ಮುಂದೆ ಅಲ್ಲಿನ ಊರಿನವನೇ ಆದ ಲೀಡರ್, ಅವನ ಕೈಯಲ್ಲಿ ಕೆಂಪು ಬೆಳಕು. ಹಿಂದೆ ನಾವು ಸಾಲಾಗಿ, ಷಷ್ಠಿ ಜಾತ್ರೆಗೆ ಹೋದ ಹಾಗೆ. ಮಳೆ ಬೇರೆ. ಎರಡು ಗಂಟೆ ನಡೆದ ಮೇಲೆ ಮರಳಿನಲ್ಲಿ ಟ್ರ್ಯಾಕ್ಟರ್ ಹೋದಂಥ ಗುರುತು ಕಂಡಿತು. ಅದರ ತುದಿಯಲ್ಲಿ ಆಮೆ.

ಅದು ಗುಂಡಿ ತೋಡುವುದನ್ನು ನೋಡಬೇಕು ಮಾರಾಯ್ರೆ. ಹಿಂದಿನ ಕಾಲು ಸೌಟಿನ ಹಾಗೆ ಮಡಚುತ್ತದೆ. ಒಂದು ಸೌಟು ಮರಳು ತೆಗೆದು ಬದಿಗೆ ಇಡುತ್ತದೆ, ಚೆಲ್ಲುವುದಿಲ್ಲ. ಆಮೇಲೆ ಇನ್ನೊಂದು ಕಾಲು. ತನ್ನ ಬೆನ್ನ ಹಿಂದೆ ಏನಾಗುತ್ತಿದೆ ಅಂತ ಅದಕ್ಕೆ ಕಾಣುವುದಿಲ್ಲ. ಆದರೂ ಕಾಲು ಎಟಕುವಷ್ಟು ಆಳದ, ಗೋಡೆ ಕುಸಿಯದ ಗುಂಡಿ. ನಮ್ಮ ಕಡೆ ನೀರಿಗಾಗಿ ಗುಡ್ಡದೊಳಗೆ ಸುರಂಗ ತೋಡುವವರ ನೆನಪಾಯಿತು ನನಗೆ.

ಮೊಟ್ಟೆ ಬೀಳಲು ಶುರುವಾಯಿತು. ಲೀಡರ್ ನಮ್ಮ ಹುಡುಗನ ಕೈಗೆ ಗ್ಲೌಸ್ ಹಾಕಿಸಿ, ಎಣಿಸುವ ಕ್ಲಿಕ್ಕರ್ ಕೊಟ್ಟು, ಆಮೆಯ ಹಿಂದೆ ಮಲಗಿಸಿದ. ಇವನಿಗೆ ಕ್ಲಿಕ್ಕರ್ ಮೇಲೆ ನಂಬಿಕೆ ಇಲ್ಲ. ಬಾಯಲ್ಲೂ ಎಣಿಸುತ್ತಿದ್ದಾನೆ, ತುಳುವಿನಲ್ಲಿ. ಒಂಜಿ, ರಡ್ಡ್, ಮೂಜಿ. ಮಧ್ಯೆ ಎರಡು ಸೀನು. ಎಲ್ಲ ಮುಗಿದ ಮೇಲೆ ಲೀಡರ್ ಪುಸ್ತಕ ತೆಗೆದು ಎಷ್ಟು ಅಂದ. "108" ಅಂದ ಇವನು. ನಮ್ಮ ಊರಿನವನಿಗೆ ಬೇರೆ ಯಾವ ಸಂಖ್ಯೆ ಬರಬೇಕು ಹೇಳಿ! ದೊಡ್ಡದೆಷ್ಟು, ಸಣ್ಣದೆಷ್ಟು ಅಂತ ಲೀಡರ್ ಕೇಳಿದ. ಇವನು ನನ್ನ ಮುಖ ನೋಡಿದ. ನಾನು ಸಮುದ್ರ ನೋಡಿದೆ.

ಲೀಡರ್ ಬೈಯಲಿಲ್ಲ. ಆ ಎರಡು ಕಾಲಂ ಖಾಲಿ ಬಿಟ್ಟು ಏನೋ ಸ್ಪ್ಯಾನಿಷಿನಲ್ಲಿ ಗೀಚಿದ. ಮುಂದಿನ ಆಮೆಗೆ ಕ್ಲಿಕ್ಕರ್ ಬೇರೆಯವರ ಕೈಗೆ ಹೋಯಿತು. ರಾಫ್ಟಿನಲ್ಲಿ ಕೂತ ಹಾಗೆ ಅಂದೆನಲ್ಲ, ಅದು ಇದೇ. ಅಲ್ಲಿನವರಿಗೆ ಬೇಕಾದದ್ದು ನಮ್ಮ ಒಳ್ಳೆಯ ಮನಸ್ಸಲ್ಲ, ಸರಿಯಾದ ಸಂಖ್ಯೆ.

ಇನ್ನೊಂದು ಮಾತು, ಇದನ್ನು ನಗುತ್ತಾ ಹೇಳಲು ಆಗುವುದಿಲ್ಲ. ಅದೇ ಕರಾವಳಿಯ ಮೊಯಿನ್ ಎಂಬ ಬೀಚಿನಲ್ಲಿ 2013ರ ಮೇ 31ರಂದು ಹೈರೊ ಮೋರಾ ಸಾಂಡೊವಾಲ್ ಎಂಬ 26 ವರ್ಷದ ಯುವಕನನ್ನು ಕೊಂದರು. ಅವನ ಕೆಲಸ ಇದೇ, ತೊಗಲಾಮೆಯ ಮೊಟ್ಟೆ ಕಾಯುವುದು. ಅಲ್ಲಿ ಮೊಟ್ಟೆ ಕದ್ದು ಮಾರುವವರಿದ್ದಾರೆ. ಆ ರಾತ್ರಿ ಅವನ ಜೊತೆ ನಾಲ್ವರು ವಿದೇಶಿ ಹುಡುಗಿಯರಿದ್ದರು, ಸ್ವಯಂಸೇವಕಿಯರು. ಅವರು ತಪ್ಪಿಸಿಕೊಂಡು ಬಂದರು. ಅಪ್ಪ ಅಮ್ಮಂದಿರನ್ನು ಹೆದರಿಸಲು ಹೇಳುತ್ತಿಲ್ಲ. ನಾವು ಹೋಗುವುದು ಕಾವಲು ಇರುವ ಜಾಗಕ್ಕೆ, ವಿಚಾರಿಸಿಯೇ ಗೊತ್ತು ಮಾಡಿದ್ದು. ಆದರೆ ಹದಿನಾಲ್ಕು ದಿನ ಆದ ಮೇಲೆ ನಾವು ವಿಮಾನ ಹತ್ತುತ್ತೇವೆ. ಲೀಡರ್ ಅಲ್ಲೇ ಇರುತ್ತಾನೆ. ಅವನ ಜೊತೆ ಮಾತಾಡುವಾಗ ಇದು ತಲೆಯಲ್ಲಿರಲಿ.

ಹೊರಗಿನವರು ಬಂದು ಹೋಗುವುದು ಅಂದರೆ ಏನು ಅಂತ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಎಣ್ಮಕಜೆಯವರು ಈ ಸಭೆಯಲ್ಲಿ ಎಷ್ಟು ಜನ ಇದ್ದೀರಿ? ಗೇರು ತೋಟಕ್ಕೆ ಸಿಂಪಡಿಸಿದ ಎಂಡೋಸಲ್ಫಾನ್ ವಿಷದಿಂದ ನಮ್ಮ ಮಕ್ಕಳು ನರಳುವುದು ಸುದ್ದಿಯಾದ ಮೇಲೆ ಎಷ್ಟು ಜೀಪು ಬಂದವು, ಎಷ್ಟು ಕ್ಯಾಮೆರಾ. ಬಂದು ನಿಂತು ಕೆಲಸ ಮಾಡಿದವರೂ ಇದ್ದರು, ಅವರನ್ನು ಈಗಲೂ ಹೆಸರು ಹಿಡಿದು ನೆನೆಯುತ್ತೇವೆ. ಉಳಿದವರು ಮಗುವಿನ ಪಕ್ಕ ಕೂತು ಫೋಟೋ ತೆಗೆಸಿಕೊಂಡು, ಎಳನೀರು ಕುಡಿದು ಹೋದರು. ಅಲ್ಲಿ ನಾವೇ ಆ ಜೀಪಿನವರು ಆಗುವುದು ಬೇಡ.

ಚೀಟಿ ಬಂತು. ಹತ್ತು ನಿಮಿಷ ಅಂತ ಬರೆದಿದ್ದಾರೆ. ಐದು ಅಂತ ಓದಿಕೊಳ್ಳುತ್ತೇನೆ.

ಇಂಥ ಪ್ರವಾಸ ಮಾರುವ ಏಜೆಂಟರ ವಿಷಯ ಬೇಗ ಮುಗಿಸುತ್ತೇನೆ. ಮೊದಲು ಒಬ್ಬ ಏಜೆಂಟ್ ನಮಗೆ ದಕ್ಷಿಣ ಆಫ್ರಿಕಾ ಮಾರಲು ನೋಡಿದ. ಅನಾಥ ಸಿಂಹದ ಮರಿಗಳಿಗೆ ಬಾಟಲಿ ಹಾಲು ಕುಡಿಸುವುದು, ಸಂಜೆ ಬಂಜೀ ಜಂಪ್. ಒಬ್ಬಳು ಹುಡುಗಿ ಸುಮ್ನೆ ಕೇಳಿದಳು, "ಇಷ್ಟು ಮರಿಗಳ ತಾಯಂದಿರೆಲ್ಲ ಎಲ್ಲಿ ಸತ್ತರು?" ಅವನಲ್ಲಿ ಉತ್ತರ ಇಲ್ಲ. ಅಂಥ ಎಷ್ಟೋ ಕಡೆ ಮರಿಗಳು ಅನಾಥವೇ ಅಲ್ಲ. ಹುಟ್ಟಿದ ಕೂಡಲೇ ತಾಯಿಯಿಂದ ಬಿಡಿಸುತ್ತಾರೆ. ದೊಡ್ಡದಾದ ಮೇಲೆ ಬೇಲಿಯೊಳಗೆ ಬೇಟೆಗೆ ಮಾರಿದ್ದೂ ಉಂಟು. 2021ರಲ್ಲಿ ಅಲ್ಲಿನ ಸರ್ಕಾರವೇ ಈ ಸಿಂಹ ಸಾಕಣೆ ನಿಲ್ಲಿಸುತ್ತೇವೆ ಅಂತ ಹೇಳಬೇಕಾಯಿತು. ಪ್ರಾಣಿಯನ್ನು ಮುಟ್ಟಲು, ಮುದ್ದಿಸಲು ಬಿಡುವ ಕಡೆ ಹೋಗಬೇಡಿ.

ನಮ್ಮ ಜಿಲ್ಲೆಯ ಆಮೆಯ ಬಗ್ಗೆ ಒಂದು ಪುಟ ಬರೆದುಕೊಂಡು ಬಂದಿದ್ದೆ. ಕಾಸರಕ ನಮ್ಮ ಜಿಲ್ಲೆಯ ಮರ, ಗೊತ್ತಲ್ಲ. ಅದರ ಜೊತೆಗೇ 2023ರಲ್ಲಿ ಜಿಲ್ಲೆಯ ಜೀವಿ ಅಂತ ಘೋಷಿಸಿದ್ದು ಚಂದ್ರಗಿರಿ ಹೊಳೆಯ ದೈತ್ಯ ಮೃದು ಚಿಪ್ಪಿನ ಆಮೆ. ಅದು ಎಲ್ಲಿ ಮೊಟ್ಟೆ ಇಡುತ್ತದೆ ಅಂತ ವಿಜ್ಞಾನಿಗಳಿಗೆ ಗೊತ್ತಾದದ್ದು ದಡದ ಜನ ಹೇಳಿದ್ದರಿಂದ. ಪುಟ ಓದಲು ಸಮಯ ಇಲ್ಲ, ಬೇಕಾದವರು ಆಮೇಲೆ ಕೇಳಿ.

ರಾಫ್ಟಿನಿಂದ ಬಿದ್ದರೆ ಎದ್ದು ನಿಲ್ಲಲು ಹೋಗಬೇಡಿ. ಕಲ್ಲಿನ ಸಂದಿಗೆ ಕಾಲು ಸಿಕ್ಕಿಕೊಂಡರೆ ನೀರಿನ ರಭಸ ನಿಮ್ಮನ್ನು ಒಳಗೆ ಒತ್ತಿಬಿಡುತ್ತದೆ. ಅಂಗಾತ ಮಲಗಿ, ಕಾಲು ಮುಂದೆ, ಕಾಲಿನ ಬೆರಳು ನೀರಿನ ಮೇಲೆ. ಹದಿನಾಲ್ಕರಲ್ಲಿ ಒಂಬತ್ತು ಮಂದಿಗೆ ಈಜು ಬರುವುದಿಲ್ಲ. ಹೊಳೆ ಬದಿಯಲ್ಲೇ ಹುಟ್ಟಿದವರು, ನಾಚಿಕೆ ಆಗಬೇಕು.

ಹಾಂ, ಆ 108. ನಾವು ಬಂದು ಎರಡು ತಿಂಗಳು ದಾಟಿದ ಮೇಲೆ ಲೀಡರ್‌ನಿಂದ ಮೆಸೇಜ್ ಬಂತು. ಮರಿಗಳು ಹೋದ ಮೇಲೆ ಗೂಡು ಅಗೆದು ಚಿಪ್ಪು ಎಣಿಸುತ್ತಾರೆ. ಒಡೆಯದೆ ಉಳಿದವೂ ಸೇರಿ ದೊಡ್ಡ ಮೊಟ್ಟೆ 81. ಸಣ್ಣವು ಒಣಗಿ ಮರಳಿನಲ್ಲಿ ಸೇರಿ ಹೋಗಿದ್ದವು, ಲೆಕ್ಕ ಸಿಗಲಿಲ್ಲ. ನಮ್ಮ ಹುಡುಗ ಮೆಸೇಜ್ ಓದಿ, "ಹಾಗಾದರೆ ಸಣ್ಣವು 27 ಮಾಷ್ಟ್ರೇ, ಸರಿಯಾಗಿಯೇ ಉಂಟು" ಅಂದ. ಈ ಸಲವೂ ಬರುತ್ತಿದ್ದಾನೆ.

ನಾಳೆ ಬೆಳಿಗ್ಗೆ ಆರಕ್ಕೆ ಆ ಒಂಬತ್ತು ಮಂದಿ ಕೆರೆ ಹತ್ತಿರ ಬನ್ನಿ. ಟವೆಲ್ ತನ್ನಿ. ಚಹಾ ನಾನು ತರುತ್ತೇನೆ.