ಗಿಮ್ಲೆಟ್ ಮಾಡುವುದು ಹೇಗೆ: ನಿಂಬೆ ಸಿಪ್ಪೆ ಬಿಸಾಡಬೇಡಿ

[ಮೇಜಿನ ಮೇಲೆ ಜಿನ್ ಬಾಟಲಿ, ಹಸಿರು ನಿಂಬೆಹಣ್ಣು, ಸಕ್ಕರೆ, ಒಂದು ಬಟ್ಟಲು ಐಸ್]

ನಮಸ್ಕಾರ. ಇವತ್ತು ಗಿಮ್ಲೆಟ್ ಎಂಬ ಕಾಕ್‌ಟೇಲ್ ಮಾಡೋಣ. ಜಿನ್, ನಿಂಬೆ, ಸಕ್ಕರೆ, ಐಸ್. ಸಾಮಾನು ಇಷ್ಟೇ. ಆದರೂ ಮನೆಯಲ್ಲಿ ಮಾಡಿದಾಗ ಇದು ಎಷ್ಟೋ ಸಲ ಬರೀ ಹುಳಿಯಾಗಿ ನಾಲಿಗೆ ಕೊರೆಯುತ್ತದೆ, ಇಲ್ಲವಾದರೆ ಸಿಹಿ ಜಾಸ್ತಿಯಾಗಿ ಎರಡನೇ ಗುಟುಕಿಗೇ ಸಾಕೆನಿಸುತ್ತದೆ. ಜನ ಜಿನ್ ಬದಲಾಯಿಸಿ ನೋಡುತ್ತಾರೆ. ತಪ್ಪು ಜಿನ್‌ದಲ್ಲ. ರಸ ಹಿಂಡಿಕೊಂಡು ಸಿಪ್ಪೆಯನ್ನು ಕಸಕ್ಕೆ ಹಾಕುತ್ತೇವಲ್ಲ, ಎಡವುವುದು ಅಲ್ಲೇ. ನಿಂಬೆಯ ಹುಳಿ ರಸದಲ್ಲಿದೆ. ಘಮ ಇರುವುದು ಸಿಪ್ಪೆಯಲ್ಲಿ. ಈ ವಿಡಿಯೋದಲ್ಲಿ ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಅದನ್ನೇ.

ಮೊದಲು ಸ್ವಲ್ಪ ಇತಿಹಾಸ. ಯಾಕೆಂದರೆ ಇದಕ್ಕೆ ಎರಡು ಬಗೆಯ ರೆಸಿಪಿ ಇರುವುದು ಯಾಕೆ ಅಂತ ಅದರಿಂದಲೇ ಗೊತ್ತಾಗುತ್ತದೆ.

[ಹಳೆಯ ಹಾಯಿ ಹಡಗಿನ ಚಿತ್ರ]

ತಿಂಗಳುಗಟ್ಟಲೆ ಸಮುದ್ರದಲ್ಲಿರುತ್ತಿದ್ದ ನಾವಿಕರನ್ನು ಸ್ಕರ್ವಿ ಎಂಬ ಕಾಯಿಲೆ ಕಾಡುತ್ತಿತ್ತು. ವಸಡಿನಲ್ಲಿ ರಕ್ತ ಬರುವುದು, ಹಲ್ಲು ಅಲುಗಾಡುವುದು, ಕೊನೆಗೆ ಸಾವು. 1747ರಲ್ಲಿ ಬ್ರಿಟಿಷ್ ನೌಕಾಪಡೆಯ ವೈದ್ಯ ಜೇಮ್ಸ್ ಲಿಂಡ್, ಸ್ಯಾಲಿಸ್‌ಬರಿ ಎಂಬ ಹಡಗಿನಲ್ಲಿ 12 ರೋಗಿಗಳನ್ನು ಇಬ್ಬಿಬ್ಬರಂತೆ ಬೇರೆ ಮಾಡಿ, ಒಂದೊಂದು ಜೋಡಿಗೆ ಒಂದೊಂದು ಮದ್ದು ಕೊಟ್ಟರು. ಕಿತ್ತಳೆ ಮತ್ತು ನಿಂಬೆ ತಿಂದ ಇಬ್ಬರು ಬೇಗ ಎದ್ದು ಓಡಾಡಿದರು. ಅಷ್ಟಾದರೂ ನೌಕಾಪಡೆ ನಿಂಬೆರಸವನ್ನು ಎಲ್ಲರಿಗೂ ಕೊಡಲು ಶುರು ಮಾಡಿದ್ದು 1795ರಲ್ಲಿ. ಸುಮಾರು ಐವತ್ತು ವರ್ಷ ತಡ! ಅಷ್ಟರಲ್ಲಿ ಎಷ್ಟು ಜನ ಸತ್ತಿರಬಹುದು ಎಂದು ನೆನೆದರೆ ಸಂಕಟವಾಗುತ್ತದೆ.

ಆಮೇಲೆ ಬಂದ ತೊಂದರೆ, ರಸ ಕೆಡದ ಹಾಗೆ ಇಡುವುದು. ಅದಕ್ಕೆ ಮದ್ಯ ಬೆರೆಸಿ ಇಡುತ್ತಿದ್ದರು. ಸ್ಕಾಟ್ಲೆಂಡಿನ ಲೀತ್ ಬಂದರಿನ ಲಾಕ್ಲನ್ ರೋಸ್, ಮದ್ಯವಿಲ್ಲದೆ ಸಕ್ಕರೆ ಸೇರಿಸಿ ನಿಂಬೆರಸ ಉಳಿಸುವ ವಿಧಾನಕ್ಕೆ 1867ರಲ್ಲಿ ಪೇಟೆಂಟ್ ಪಡೆದರು. ಬಾಟಲಿಯಲ್ಲಿ ಬರುವ ಲೈಮ್ ಕಾರ್ಡಿಯಲ್ ಹುಟ್ಟಿದ್ದು ಹೀಗೆ. ಅದೇ ವರ್ಷ ಬ್ರಿಟನ್ನಿನ ವ್ಯಾಪಾರಿ ಹಡಗುಗಳಲ್ಲೂ ನಿಂಬೆರಸ ಕೊಡುವುದು ಕಡ್ಡಾಯವಾಯಿತು. ಹಡಗಿನಲ್ಲಿ ಜಿನ್ ಇತ್ತು, ಕಾರ್ಡಿಯಲ್ ಇತ್ತು. ಎರಡೂ ಒಂದೇ ಗ್ಲಾಸಿಗೆ ಬಂದವು.

ಲಂಡನ್ನಿನ ಸವಾಯ್ ಹೋಟೆಲಿನ ಬಾರ್‌ಟೆಂಡರ್ ಹ್ಯಾರಿ ಕ್ರ್ಯಾಡಕ್ 1930ರಲ್ಲಿ ಅಚ್ಚು ಹಾಕಿಸಿದ ಅಳತೆ ಅರ್ಧ ಜಿನ್, ಅರ್ಧ ಕಾರ್ಡಿಯಲ್. ಇವತ್ತಿನ ನಾಲಿಗೆಗೆ ಅದು ತುಂಬಾ ಸಿಹಿ. ಹಾಗಾಗಿ ಈಗ ಅನೇಕರು ಕಾರ್ಡಿಯಲ್ ಬಿಟ್ಟು ತಾಜಾ ರಸ ಮತ್ತು ಸಕ್ಕರೆ ಪಾಕ ಹಾಕುತ್ತಾರೆ. ಅದು ಚುರುಕಾಗಿರುತ್ತದೆ, ನಿಜ. ಆದರೆ ಕಾರ್ಡಿಯಲ್‌ನಲ್ಲಿದ್ದ ಒಂದು ಗಾಢ, ಸ್ವಲ್ಪ ಕಹಿ ಬೆರೆತ ನಿಂಬೆ ರುಚಿ ಅದರಲ್ಲಿ ಇರುವುದಿಲ್ಲ. ನನಗೆ ಎರಡೂ ಬೇಕು. ಅದಕ್ಕೇ ಸಿಪ್ಪೆಯಿಂದ ಕಾರ್ಡಿಯಲ್ ಮನೆಯಲ್ಲೇ ಮಾಡಿಕೊಂಡು, ಜೊತೆಗೆ ತಾಜಾ ರಸವನ್ನೂ ಹಾಕುತ್ತೇನೆ.

[ಕ್ಲೋಸ್‌ಅಪ್: ಪೀಲರ್‌ನಿಂದ ಹಸಿರು ಸಿಪ್ಪೆ ಹೆರೆಯುವುದು]

ತೆಳು ಸಿಪ್ಪೆಯ 6 ಹಸಿರು ನಿಂಬೆಹಣ್ಣು ತೆಗೆದುಕೊಳ್ಳಿ. ಹಣ್ಣಿನ ಮೇಲೆ ಮೇಣ ಸವರಿರಬಹುದು, ಅದಕ್ಕೆ ಉಗುರುಬೆಚ್ಚನೆ ನೀರಿನಲ್ಲಿ ಚೆನ್ನಾಗಿ ಉಜ್ಜಿ ತೊಳೆದು ಒರೆಸಿ. ಈಗ ಪೀಲರ್ ಹಿಡಿದು ಮೇಲಿನ ಹಸಿರನ್ನು ಮಾತ್ರ ತೆಗೆಯಿರಿ. ಕೆಳಗಿನ ಬಿಳಿ ಪದರ ಬರಬಾರದು, ಅದು ಕಹಿ. ಒತ್ತಿ ಹಿಡಿಯಬೇಡಿ, ಪೀಲರ್ ಹಣ್ಣಿನ ಮೇಲೆ ಜಾರಿದರೆ ಸಾಕು. ಒಂದು ಚೂರು ಸಿಪ್ಪೆಯನ್ನು ಬೆಳಕಿಗೆ ಹಿಡಿದು ಮಡಚಿ ನೋಡಿ. ಸಣ್ಣ ಸಣ್ಣ ಹನಿ ಚಿಮ್ಮುತ್ತದೆ, ಕಾಣಿಸಿತಾ? ಆ ಎಣ್ಣೆಯೇ ನಮಗೆ ಬೇಕಾದದ್ದು.

ಸಿಪ್ಪೆಗೆ 200 ಗ್ರಾಂ ಸಕ್ಕರೆ ಹಾಕಿ. ಕೈಯಲ್ಲೇ ಹಿಸುಕಿ, ಇಲ್ಲವೇ ಮರದ ಸೌಟಿನ ಹಿಂಬದಿಯಿಂದ ಒತ್ತಿ. ಎರಡು ನಿಮಿಷದಲ್ಲೇ ಕೋಣೆಯೆಲ್ಲ ಘಮ ಘಮ ಅನ್ನುತ್ತದೆ. ಮುಚ್ಚಿ ಮೂರು ಗಂಟೆ ಬಿಡಿ, ರಾತ್ರಿಯಿಡೀ ಬಿಟ್ಟರೆ ಇನ್ನೂ ಒಳ್ಳೆಯದು. ಸಕ್ಕರೆ ಸಿಪ್ಪೆಯಲ್ಲಿರುವ ನೀರಿನ ಜೊತೆ ಎಣ್ಣೆಯನ್ನೂ ಎಳೆದುಕೊಳ್ಳುತ್ತದೆ. ಮುಚ್ಚಳ ತೆಗೆದಾಗ ಸಕ್ಕರೆ ಒದ್ದೆ ಮರಳಿನ ಹಾಗಿರುತ್ತದೆ, ಸಿಪ್ಪೆ ಮುದುಡಿ ಗಟ್ಟಿಯಾಗಿರುತ್ತದೆ.

[ಬಟ್ಟಲಿಗೆ ರಸ ಸುರಿಯುವುದು]

ಸಿಪ್ಪೆ ತೆಗೆದ ಹಣ್ಣುಗಳನ್ನು ಆವರೆಗೆ ಫ್ರಿಜ್‌ನಲ್ಲಿ ಮುಚ್ಚಿಡಿ, ಇಲ್ಲವಾದರೆ ಒಣಗುತ್ತವೆ. ಈಗ ಅವುಗಳಿಂದಲೇ 150 ಎಂಎಲ್ ರಸ ಹಿಂಡಿ, ಸೋಸಿ, ಸಕ್ಕರೆಗೆ ಸೇರಿಸಿ. ರಸ ಸಾಲದಿದ್ದರೆ ಇನ್ನೊಂದು ಹಣ್ಣು ಹಿಂಡಿ. ಸಕ್ಕರೆ ಕರಗುವ ತನಕ ತಿರುಗಿಸುತ್ತಿರಿ. ಒಲೆ ಮೇಲೆ ಇಡಬೇಡಿ. ಬೇಗ ಕರಗಲಿ ಅಂತ ಬಿಸಿ ಮಾಡಿದರೆ ರಸದ ತಾಜಾತನ ಹೋಗಿ ಬೇಯಿಸಿದ ವಾಸನೆ ಬರುತ್ತದೆ. ಆಮೇಲೆ ಸಿಪ್ಪೆ ಸೋಸಿ ತೆಗೆದು, ಶುಚಿಯಾದ ಬಾಟಲಿಗೆ ತುಂಬಿ ಫ್ರಿಜ್‌ನಲ್ಲಿಡಿ. ಒಂದು ವಾರದೊಳಗೆ ಮುಗಿಸಿ. ಕೆಟ್ಟುಹೋಗುತ್ತದೆ ಅಂತಲ್ಲ, ಘಮ ಇಳಿಯುತ್ತಾ ಹೋಗುತ್ತದೆ.

ಜಿನ್ ಯಾವುದು? ಲಂಡನ್ ಡ್ರೈ ಬಗೆಯದು ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ಅದು ಲಂಡನ್ನಿನಲ್ಲೇ ತಯಾರಾಗಬೇಕು ಅಂತೇನಿಲ್ಲ. ಅದರಲ್ಲಿ ಸಿಹಿ ಇಲ್ಲ ಎನ್ನುವಷ್ಟು ಕಡಿಮೆ, ಜುನಿಪರ್ ಕಾಯಿಯ ಪೈನ್ ಮರದಂಥ ವಾಸನೆ ಮುಂದಿರುತ್ತದೆ. ಹಣ್ಣಿನ ಫ್ಲೇವರ್ ಹಾಕಿದ ಸಿಹಿ ಜಿನ್ ಬೇಡ. ದುಬಾರಿ ಬಾಟಲಿಯೂ ಬೇಕಿಲ್ಲ.

[ಜಿಗ್ಗರ್‌ನಲ್ಲಿ ಅಳತೆ ಮಾಡುವುದು. ಪರದೆಯ ಮೇಲೆ: ಜಿನ್ 60 ಎಂಎಲ್, ಕಾರ್ಡಿಯಲ್ 20 ಎಂಎಲ್, ತಾಜಾ ರಸ 15 ಎಂಎಲ್]

ಒಂದು ಗ್ಲಾಸಿಗೆ ಅಳತೆ ಹೀಗೆ. ಜಿನ್ 60 ಎಂಎಲ್, ನಮ್ಮ ಕಾರ್ಡಿಯಲ್ 20 ಎಂಎಲ್, ಈಗತಾನೇ ಹಿಂಡಿದ ರಸ 15 ಎಂಎಲ್. ದಯವಿಟ್ಟು ಅಳೆದೇ ಹಾಕಿ. ಕಣ್ಣಂದಾಜಿನಲ್ಲಿ 5 ಎಂಎಲ್ ಹೆಚ್ಚುಕಡಿಮೆಯಾದರೂ ಇಷ್ಟು ಚಿಕ್ಕ ಪಾನೀಯದಲ್ಲಿ ರುಚಿ ಬದಲಾಗುತ್ತದೆ. ಹಣ್ಣಿನ ಹುಳಿಯೂ ಒಂದೇ ಸಮ ಇರುವುದಿಲ್ಲ. ಹಾಗಾಗಿ ರಸವನ್ನು ಮೊದಲು ಬೆರಳ ತುದಿಯಲ್ಲಿ ನೆಕ್ಕಿ ನೋಡಿ. ತುಂಬಾ ಹುಳಿಯಿದ್ದರೆ 12 ಎಂಎಲ್ ಸಾಕು.

ಮೂರನ್ನೂ ಶೇಕರ್‌ಗೆ, ಅಂದರೆ ಮುಚ್ಚಳ ಹಾಕಿ ಕುಲುಕುವ ಪಾತ್ರೆಗೆ ಸುರಿಯಿರಿ. ಶೇಕರ್ ಇಲ್ವಾ? ಬಿಗಿಯಾದ ಮುಚ್ಚಳವಿರುವ ದಪ್ಪ ಗಾಜಿನ ಜಾಡಿ ನಡೆಯುತ್ತದೆ, ಸುತ್ತ ಒಂದು ಬಟ್ಟೆ ಸುತ್ತಿಕೊಳ್ಳಿ. ಐಸ್ ಮಾತ್ರ ಫ್ರೀಜರ್‌ನಿಂದ ಆಗಷ್ಟೇ ತೆಗೆದದ್ದಾಗಿರಲಿ. ಹೊರಗಿಟ್ಟು ನೀರೂರಿದ ಐಸ್ ಹಾಕಿದರೆ, ಇನ್ನೂ ತಣ್ಣಗಾಗುವ ಮೊದಲೇ ಪಾನೀಯ ಸಪ್ಪೆಯಾಗಿಬಿಡುತ್ತದೆ. ಶೇಕರ್‌ನ ಮುಕ್ಕಾಲು ಭಾಗ ತುಂಬಿಸಿ. ಐಸ್ ಕಡಿಮೆ ಹಾಕಿದರೆ ನೀರು ಕಡಿಮೆ ಆಗುತ್ತದೆ ಅಂದುಕೊಳ್ಳುವವರಿದ್ದಾರೆ. ಆಗುವುದು ಉಲ್ಟಾ. ಐಸ್ ಸ್ವಲ್ಪವೇ ಇದ್ದರೆ ತಣ್ಣಗಾಗಲು ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ಇದ್ದಬದ್ದದ್ದೆಲ್ಲ ಕರಗಿರುತ್ತದೆ.

ಕೊನೆಗೆ ಒಂದು ಚೂರು ಹಸಿರು ಸಿಪ್ಪೆಯನ್ನೂ ಒಳಗೆ ಹಾಕಿ. ಐಸ್ ಬಡಿದು ಬಡಿದು ಅದರ ಎಣ್ಣೆ ಜಿನ್‌ಗೆ ಇಳಿಯುತ್ತದೆ.

[ಶೇಕ್ ಮಾಡುವ ಸದ್ದು, ಸಂಗೀತ ಬೇಡ]

ಈಗ ಜೋರಾಗಿ 12 ಸೆಕೆಂಡ್ ಕುಲುಕಿ. ಸದ್ದು ಕೇಳಿಸಿಕೊಳ್ಳಿ. ಮೊದಲು ಖಣಖಣ ಅನ್ನುತ್ತದೆ, ಐಸ್‌ನ ಮೂಲೆಗಳು ಸವೆದ ಹಾಗೆ ಸದ್ದು ಮೆತ್ತಗಾಗುತ್ತದೆ. ಸ್ಟೀಲ್ ಶೇಕರ್ ಆದರೆ ಹೊರಗೆ ಬಿಳಿ ಮಂಜು ಕಟ್ಟಿ, ಹಿಡಿದ ಬೆರಳು ಜೋಮು ಹಿಡಿಯುತ್ತದೆ. ಆಗ ನಿಲ್ಲಿಸಿ. ಒಳಗಿನ ಪಾನೀಯ ಸೊನ್ನೆ ಡಿಗ್ರಿಗಿಂತ ಕೆಳಗೆ ಹೋಗಿರುತ್ತದೆ. ಮದ್ಯ ಬೆರೆತ ನೀರು ಸೊನ್ನೆಯಲ್ಲಿ ಹೆಪ್ಪುಗಟ್ಟುವುದಿಲ್ಲ, ಅದಕ್ಕೇ ಅಷ್ಟು ತಣ್ಣಗಾಗಲು ಸಾಧ್ಯ.

ಕರಗಿದ ನೀರನ್ನು ನಷ್ಟ ಅಂತ ತಿಳಿಯಬೇಡಿ. ಅದೂ ರೆಸಿಪಿಯ ಭಾಗ. ನಾವು ಹಾಕಿದ್ದು 95 ಎಂಎಲ್, ಗ್ಲಾಸಿಗೆ ಬರುವುದು ಸುಮಾರು 120 ಎಂಎಲ್. 42% ಜಿನ್ ಹಾಕಿದ್ದರೆ ಈಗ ಮದ್ಯದ ಪ್ರಮಾಣ ಸುಮಾರು 20%ಕ್ಕೆ ಇಳಿದಿದೆ. ಜಿನ್‌ನ ಉರಿ ಹಿಂದೆ ಸರಿದು ವಾಸನೆ ಬಿಚ್ಚಿಕೊಳ್ಳುವುದು ಈ ನೀರಿನಿಂದಲೇ.

[ತಣ್ಣನೆಯ ಗ್ಲಾಸಿಗೆ ಸೋಸುವುದು]

ಹದಿನೈದು ನಿಮಿಷ ಫ್ರೀಜರ್‌ನಲ್ಲಿಟ್ಟ ಗ್ಲಾಸ್ ತೆಗೆಯಿರಿ. ಕಾಲಿರುವ ಗ್ಲಾಸ್ ಆದರೆ ಕೈಯ ಬಿಸಿ ತಾಗುವುದಿಲ್ಲ. ಟೀ ಸೋಸುವ ಜಾಲರಿ ಹಿಡಿದು ಸೋಸಿ, ಐಸ್ ಚೂರು ಬೀಳಬಾರದು. ಬಣ್ಣ ಮಸುಕು ಹಸಿರು, ಮೇಲೆ ತೆಳ್ಳಗೆ ನೊರೆ. ಅಲಂಕಾರಕ್ಕೆ ಏನೂ ಬೇಡ.

ಕುಡಿಯುವವರಿಗೆ ಒಂದು ಮಾತು. ಇದು ತಣ್ಣಗೆ, ಹಗುರವಾಗಿ ಇಳಿದುಬಿಡುತ್ತದೆ. ಆದರೆ ಒಳಗಿರುವುದು ಪೂರ್ತಿ 60 ಎಂಎಲ್ ಜಿನ್. ಒಂದಕ್ಕೆ ನಿಲ್ಲಿಸುವುದು ಒಳ್ಳೆಯದು. ಕುಡಿದ ಮೇಲೆ ಗಾಡಿ ಮುಟ್ಟಲೇಬೇಡಿ. ಕಾನೂನಿನ ವಯಸ್ಸು ಆಗದವರಿಗೆ, ಬಸುರಿಯರಿಗೆ, ವೈದ್ಯರು ಬೇಡ ಅಂದವರಿಗೆ ಇದು ಬೇಡವೇ ಬೇಡ.

ಅವರಿಗೆ ಕಾರ್ಡಿಯಲ್ ಇದೆಯಲ್ಲ. ಉದ್ದ ಗ್ಲಾಸಿನ ತುಂಬ ಐಸ್ ಹಾಕಿ, 30 ಎಂಎಲ್ ಕಾರ್ಡಿಯಲ್, 10 ಎಂಎಲ್ ತಾಜಾ ರಸ ಸುರಿದು, ಮೇಲೆ 150 ಎಂಎಲ್ ಸೋಡಾ ತುಂಬಿ ಒಂದೇ ಸಲ ಮೆಲ್ಲಗೆ ತಿರುಗಿಸಿ. ಜಾಸ್ತಿ ತಿರುಗಿಸಿದರೆ ಗ್ಯಾಸ್ ಹೋಗುತ್ತದೆ. ಜೊತೆಯಲ್ಲಿ ಕೂತವರಿಗೆಲ್ಲ ಒಂದೇ ಬಾಟಲಿಯಿಂದ ಕೊಡಬಹುದು.