ಕಾಲು ಬಿಡಿ, ಕೈ ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ. ಚಿತ್ರೀಕರಿಸಿದ ಬ್ಯಾಲೆಯನ್ನು ಪರದೆಯ ಮೇಲೆ ಹೇಗೆ ನೋಡಬೇಕು ಎನ್ನುವುದು ಇವತ್ತಿನ ಮಾತು. ನಾನು ಹೇಳಬೇಕಾದದ್ದು ಒಂದೇ, ಮೊದಲೇ ಹೇಳಿಬಿಡುತ್ತೇನೆ. ಕಾಲು ಬಿಡಿ, ಕೈ ನೋಡಿ.

ಮೊದಲ ಸಲ ನೋಡುವವರ ಕಣ್ಣು ನೇರವಾಗಿ ಹೋಗುವುದು ಕಾಲ್ಬೆರಳ ತುದಿಯ ಮೇಲೆ ನಿಂತ ಆ ಪಾದಕ್ಕೆ. ಶೂ ಒಳಗೆ ಮರದ ತುಂಡು ಇಟ್ಟಿರುತ್ತಾರಾ, ಕಬ್ಬಿಣ ಇಟ್ಟಿರುತ್ತಾರಾ ಎಂದು ಕೇಳುತ್ತಾರೆ. ಎರಡೂ ಇಲ್ಲ. ಸಾಂಪ್ರದಾಯಿಕ ಪಾಯಿಂಟ್ ಶೂ ತುದಿಯಲ್ಲಿರುವುದು ಬಟ್ಟೆ, ಕಾಗದ, ಅಂಟು. ಪದರದ ಮೇಲೆ ಪದರ ಹಚ್ಚಿ, ಒಣಗಿಸಿ, ಗಟ್ಟಿ ಮಾಡಿದ್ದು. ಮುಖ್ಯ ಪಾತ್ರಧಾರಿಯ ಒಂದು ಜೊತೆ ಒಂದೇ ಪ್ರದರ್ಶನದಲ್ಲಿ ಮೆತ್ತಗಾಗಿ ಕೆಲಸಕ್ಕೆ ಬಾರದೆ ಹೋಗುವುದುಂಟು. ಪಾದದ ಬಗ್ಗೆ ಸದ್ಯಕ್ಕೆ ಇಷ್ಟು ಸಾಕು. ಅರ್ಧ ಗಂಟೆ ಪಾದವನ್ನೇ ನೋಡಿದವರು "ಚೆನ್ನಾಗಿದೆ, ಆದರೆ ಕಥೆ ತಿಳಿಯಲಿಲ್ಲ" ಎಂದು ಎದ್ದುಬಿಡುತ್ತಾರೆ. ತಿಳಿಯುವುದು ಹೇಗೆ? ಕಥೆ ಇರುವುದು ಕೈಯಲ್ಲಿ.

ಹಳೆಯ ಕಥಾ ಬ್ಯಾಲೆಗಳಲ್ಲಿ ಮೂಕಾಭಿನಯಕ್ಕೆ ಗೊತ್ತಾದ ಸನ್ನೆಗಳಿವೆ. ಬರೆದುಕೊಳ್ಳುವವರು ಬರೆದುಕೊಳ್ಳಿ. ಎರಡೂ ಕೈ ಎದೆಯ ಮೇಲೆ ಬಂದರೆ ಪ್ರೀತಿ. ತಲೆಯ ಮೇಲೆ ಎರಡು ಕೈಗಳು ಒಂದರ ಸುತ್ತ ಒಂದು ಸುತ್ತಿದರೆ ನೃತ್ಯ. ಮುಖದ ಸುತ್ತ ಕೈ ಸುಳಿದರೆ ಚೆಲುವು. ಎಡಗೈಯ ಉಂಗುರ ಬೆರಳನ್ನು ತೋರಿಸಿದರೆ ಮದುವೆ. ಒಂದು ಕೈ ಎದೆಯ ಮೇಲಿದ್ದು ಇನ್ನೊಂದು ಕೈಯ ಎರಡು ಬೆರಳು ಮೇಲೆ ಹೋದರೆ ಆಣೆ. ಮುಷ್ಟಿ ಬಿಗಿದು ಮಣಿಕಟ್ಟುಗಳನ್ನು ಒಂದರ ಮೇಲೊಂದು ಅಡ್ಡವಾಗಿ ಕೆಳಗಿಳಿಸಿದರೆ ಸಾವು. ಈ ಆರು ಸನ್ನೆ ತಿಳಿದಿದ್ದರೆ ಅರ್ಧ ಕಥೆ ನಿಮ್ಮ ಕೈಗೆ ಬಂದ ಹಾಗೆ. ಉಳಿದ ಅರ್ಧಕ್ಕೆ ನೋಡುವ ಮೊದಲು ಕಥಾಸಾರ ಓದಿ. ಅರ್ಧ ಪುಟ ಸಾಕು. ಕಥೆ ಗೊತ್ತಾದರೆ ಸ್ವಾರಸ್ಯ ಹೋಗುತ್ತದೆ ಎನ್ನುವವರಿದ್ದಾರೆ. ದಯವಿಟ್ಟು ಆ ಮಾತು ಕೇಳಬೇಡಿ. ಇದು ಪತ್ತೇದಾರಿ ಕಥೆಯಲ್ಲ.

ಉದಾಹರಣೆಗೆ 'ಜಿಸೆಲ್' ತೆಗೆದುಕೊಳ್ಳೋಣ. ಆಡಾಲ್ಫ್ ಆಡಮ್ ಅವರ ಸಂಗೀತ. 1841ರಲ್ಲಿ ಪ್ಯಾರಿಸ್ ಒಪೆರಾದಲ್ಲಿ ಮೊದಲ ಪ್ರದರ್ಶನ, ಜಿಸೆಲ್ ಆಗಿ ಕಾರ್ಲೋಟಾ ಗ್ರಿಸಿ. ಎರಡು ಅಂಕ, ಒಂದೊಂದು ಸುಮಾರು 50 ನಿಮಿಷ. ಮೊದಲ ಸಲ ನೋಡುವವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ ಎಂದೇ ನಾನು ಹೇಳುತ್ತೇನೆ.

ಜಿಸೆಲ್ ಹಳ್ಳಿಯ ಹುಡುಗಿ. ಆಲ್ಬ್ರೆಕ್ಟ್ ಒಬ್ಬ ಶ್ರೀಮಂತ ಪ್ರಭು. ರೈತನ ವೇಷ ಹಾಕಿ, ಕತ್ತಿಯನ್ನು ಗುಡಿಸಲಿನಲ್ಲಿ ಬಚ್ಚಿಟ್ಟು ಬಂದಿದ್ದಾನೆ. ಪರದೆ ಎದ್ದ ಸ್ವಲ್ಪ ಹೊತ್ತಿಗೇ ಅವನ ಎರಡು ಬೆರಳು ಮೇಲೆ ಹೋಗುತ್ತವೆ. ನಿನ್ನನ್ನೇ ಪ್ರೀತಿಸುತ್ತೇನೆ ಎಂಬ ಆಣೆ. ಜಿಸೆಲ್ ಬೆದರಿ ಆ ಕೈ ತಡೆಯುತ್ತಾಳೆ. ಆಣೆ ಬೇಡ, ಹೂವನ್ನು ಕೇಳೋಣ ಎಂದು ಒಂದು ಡೈಸಿ ಕಿತ್ತು ಎಸಳು ಬಿಡಿಸುತ್ತಾಳೆ. ಪ್ರೀತಿಸುತ್ತಾನೆ, ಪ್ರೀತಿಸುವುದಿಲ್ಲ, ಪ್ರೀತಿಸುತ್ತಾನೆ. ಮಧ್ಯದಲ್ಲೇ ಅವಳ ಕೈ ನಿಧಾನವಾಗುತ್ತದೆ. ಉಳಿದ ಎಸಳು ಲೆಕ್ಕ ಹಾಕಿದ್ದಾಳೆ, ಉತ್ತರ 'ಇಲ್ಲ' ಎಂದೇ ಬರುತ್ತದೆ. ಹೂವು ಬಿಸಾಡುತ್ತಾಳೆ. ಆಲ್ಬ್ರೆಕ್ಟ್ ಅದನ್ನು ಎತ್ತಿಕೊಂಡು, ಅವಳಿಗೆ ಕಾಣದ ಹಾಗೆ ಒಂದು ಎಸಳು ಕಿತ್ತು, ಈಗ ನೋಡು, ಸರಿ ಬಂತು ಎನ್ನುತ್ತಾನೆ. ಕೆಲವೇ ಕ್ಷಣದ ಕೆಲಸ. ಅವನು ಎಂಥವನು ಎಂದು ಆ ಒಂದು ಎಸಳಿನಲ್ಲಿ ಗೊತ್ತಾಗುತ್ತದೆ. ಪಾದ ನೋಡುತ್ತಿದ್ದವರಿಗೆ ಇದು ಕಂಡಿರುವುದೇ ಇಲ್ಲ.

ಮುಂದೆ ಬೇಟೆಯ ಪರಿವಾರ ಹಳ್ಳಿಗೆ ಬರುತ್ತದೆ. ಅದರಲ್ಲಿ ಬಥಿಲ್ಡ್ ಎಂಬ ರಾಜಮನೆತನದ ಹೆಣ್ಣು. ಜಿಸೆಲ್ ಅವಳ ಉಡುಪಿನ ಅಂಚನ್ನು ಕದ್ದು ಮುಟ್ಟಿ ನೋಡುತ್ತಾಳೆ. ಇಬ್ಬರಿಗೂ ಮಾತು ಬೆಳೆಯುತ್ತದೆ. ನನಗೆ ಮದುವೆ ಗೊತ್ತಾಗಿದೆ ಎಂದು ಒಬ್ಬಳು ಉಂಗುರ ಬೆರಳು ತೋರಿಸಿದರೆ, ನನಗೂ ಎಂದು ಇನ್ನೊಬ್ಬಳೂ ಅದೇ ಬೆರಳು ತೋರಿಸುತ್ತಾಳೆ. ಬಥಿಲ್ಡ್ ಮೆಚ್ಚಿ ತನ್ನ ಕಂಠಹಾರ ಕೊಡುತ್ತಾಳೆ. ಇಬ್ಬರ ಬೆರಳೂ ಹೇಳುತ್ತಿರುವುದು ಒಬ್ಬನನ್ನೇ. ಅದು ಗೊತ್ತಿರುವುದು ನಿಮಗೆ ಮಾತ್ರ, ಅದೂ ಕಥೆ ಓದಿಕೊಂಡು ಕೂತಿದ್ದರೆ.

ಜಿಸೆಲ್‌ಳನ್ನು ಬಯಸುವ ಹಿಲಾರಿಯನ್ ಆ ಕತ್ತಿಯನ್ನು ಹುಡುಕಿ ತಂದು, ಬೇಟೆಯ ಕೊಂಬು ಊದಿ ಎಲ್ಲರನ್ನೂ ಕರೆಯುತ್ತಾನೆ. ಆಲ್ಬ್ರೆಕ್ಟ್ ಬೇರೆ ದಾರಿ ಕಾಣದೆ ಬಥಿಲ್ಡ್‌ಳ ಕೈಗೆ ಮುತ್ತಿಡುತ್ತಾನೆ. ಮತ್ತೆ ಬಥಿಲ್ಡ್‌ಳ ಅದೇ ಉಂಗುರ ಬೆರಳು, ಈ ಸಲ 'ಇವನೇ' ಎಂದು. ಜಿಸೆಲ್ ಹಾರ ಕಿತ್ತೆಸೆಯುತ್ತಾಳೆ. ಅಲ್ಲಿಂದ ಹುಚ್ಚಿನ ದೃಶ್ಯ. ಕೂದಲು ಬಿಚ್ಚಿದೆ, ಕೈಯಲ್ಲಿ ಹೂವಿಲ್ಲ, ಆದರೂ ಬೆರಳುಗಳು ಎಸಳು ಬಿಡಿಸುತ್ತಿವೆ. ವಾದ್ಯವೃಂದದಲ್ಲೂ ಮೊದಲಿನ ರಾಗವೇ ಮುರಿದು ಮುರಿದು ಬರುತ್ತದೆ. ಕತ್ತಿಯನ್ನು ತುದಿಯಲ್ಲಿ ಹಿಡಿದು ನೆಲದ ಮೇಲೆ ಎಳೆಯುತ್ತಾಳೆ. ಕೆಲವು ನಿರ್ಮಾಣಗಳಲ್ಲಿ ಅದರಿಂದಲೇ ಇರಿದುಕೊಳ್ಳುತ್ತಾಳೆ, ಉಳಿದವುಗಳಲ್ಲಿ ದುರ್ಬಲ ಹೃದಯ ನಿಂತು ಸಾಯುತ್ತಾಳೆ. ನೀವು ನೋಡುತ್ತಿರುವುದು ಯಾವುದು ಎಂದು ಗಮನಿಸಿ.

ಕ್ಯಾಮೆರಾದ ಮೇಲೆ ನನಗೆ ತಕರಾರು ಇರುವುದೂ ಇಲ್ಲೇ. ಈ ದೃಶ್ಯದಲ್ಲಿ ನಿರ್ದೇಶಕರಿಗೆ ಅಳುವ ಮುಖವೇ ಬೇಕು. ಹತ್ತಿರಕ್ಕೆ ಹೋಗಿ ಹೋಗಿ ಕೈಯನ್ನೇ ಚೌಕಟ್ಟಿನಿಂದ ಹೊರಗೆ ಹಾಕುತ್ತಾರೆ. ಒಂದೇ ನಿರ್ಮಾಣದ ಎರಡು ಚಿತ್ರೀಕರಣ ಸಿಕ್ಕಿದರೆ ಈ ದೃಶ್ಯವನ್ನು ಹೋಲಿಸಿ, ಸೊಂಟದಿಂದ ಮೇಲೆ ಪೂರ್ತಿ ಕಾಣುವುದನ್ನು ಆರಿಸಿಕೊಳ್ಳಿ. ಇನ್ನೊಂದು ಪರೀಕ್ಷೆ ಇದೆ. ಮೊದಲ ಅಂಕದಲ್ಲಿ ಜಿಸೆಲ್‌ಳ ತಾಯಿ ಬೆರ್ಥ್ ಒಂದು ಎಚ್ಚರಿಕೆ ಕೊಡುತ್ತಾಳೆ. ಮದುವೆಗೆ ಮೊದಲೇ ಸತ್ತ ಹುಡುಗಿಯರು ವಿಲಿಗಳಾಗಿ ರಾತ್ರಿ ಗೋರಿಯಿಂದ ಎದ್ದು, ಸಿಕ್ಕಿದ ಗಂಡಸನ್ನು ಸಾಯುವ ತನಕ ಕುಣಿಸುತ್ತಾರೆ ಎಂದು. ನೃತ್ಯ, ಸಾವು, ಎರಡು ಸನ್ನೆಯೂ ಬೆನ್ನುಬೆನ್ನಿಗೆ ಬರುತ್ತವೆ. ಕೆಲವರು ಇದನ್ನು ಕತ್ತರಿಸಿಬಿಡುತ್ತಾರೆ. ಲಂಡನ್ನಿನ ರಾಯಲ್ ಬ್ಯಾಲೆಯವರ ಪೀಟರ್ ರೈಟ್ ನಿರ್ಮಾಣದಲ್ಲಿ ಅದು ಪೂರ್ತಿ ಉಂಟು. ಮೊದಲ ಸಲಕ್ಕೆ ಅಂಥದ್ದನ್ನೇ ನೋಡಿ. ಈ ಎಚ್ಚರಿಕೆ ಕಾಣದವರಿಗೆ ಎರಡನೆಯ ಅಂಕ ಬರೀ ಬಿಳಿ ಬಟ್ಟೆಯ ಕುಣಿತ.

ಸಮಯ ಓಡುತ್ತಿದೆ, ಎರಡನೆಯ ಅಂಕವನ್ನು ಬೇಗ ಮುಗಿಸುತ್ತೇನೆ. ಕಾಡು, ಗೋರಿ, ವಿಲಿಗಳ ರಾಣಿ ಮಿರ್ತಾ. ಹಿಲಾರಿಯನ್ ಮಂಡಿಯೂರಿ ಬೇಡುತ್ತಾನೆ, ಮಿರ್ತಾಳ ಕೈ ಇಲ್ಲ ಎನ್ನುತ್ತದೆ. ಆಲ್ಬ್ರೆಕ್ಟ್‌ಗೂ ಅದೇ ಉತ್ತರ ಬರುವಾಗ, ಈಗ ತಾನೂ ವಿಲಿಯಾಗಿರುವ ಜಿಸೆಲ್ ಗೋರಿಯ ಶಿಲುಬೆಯ ಮುಂದೆ ಎರಡೂ ತೋಳು ಚಾಚಿ ಅಡ್ಡ ನಿಲ್ಲುತ್ತಾಳೆ. ಇಲ್ಲೂ ಕೈಯೇ. ಬೆಳಗಿನ ಗಂಟೆ ಬಾರಿಸುವ ತನಕ ಅವನನ್ನು ಉಳಿಸಬೇಕು. ಒಂದು ಕಡೆ ಮಾತ್ರ ಕ್ಯಾಮೆರಾ ದೂರ ಹೋಗಲೇಬೇಕು. ವಿಲಿಗಳು ಎರಡು ಬದಿಯಿಂದ ಸಾಲುಗಟ್ಟಿ, ಒಂದು ಕಾಲು ಹಿಂದಕ್ಕೆ ಚಾಚಿ, ಇನ್ನೊಂದರ ಮೇಲೆ ಸಣ್ಣಗೆ ಕುಪ್ಪಳಿಸುತ್ತಾ ಒಬ್ಬರ ನಡುವೆ ಒಬ್ಬರು ಹಾದುಹೋಗುವ ಜಾಗ ಅದು. ಇದನ್ನು ಫೋನಿನಲ್ಲಿ ನೋಡಬೇಡಿ, ಸಾಲುಗಳು ಬಿಳಿ ಗೆರೆಯಾಗಿಬಿಡುತ್ತವೆ. ಮನೆಯಲ್ಲಿರುವ ದೊಡ್ಡ ಪರದೆಯನ್ನೇ ಹಿಡಿಯಿರಿ.

ಕೊನೆಗೆ ಉಪಕರಣದ ವಿಷಯ. ಎರಡನೆಯ ಅಂಕದ ಬೆಳಕು ಮಂದ, ನೀಲಿ. ಕೋಣೆಯ ದೀಪ ಆರಿಸಿ, ಇಲ್ಲದಿದ್ದರೆ ಅದರ ಪ್ರತಿಬಿಂಬವೇ ಕಾಣುತ್ತದೆ. ಟಿವಿಯಲ್ಲಿ ಚಲನೆಯನ್ನು ನಯಗೊಳಿಸುವ ಸೆಟ್ಟಿಂಗ್ ಇದ್ದರೆ ತೆಗೆದುಬಿಡಿ. ಅದು ನಡುನಡುವೆ ತಾನೇ ಚಿತ್ರ ಹುಟ್ಟಿಸಿ ಸೇರಿಸುವುದರಿಂದ ವೇಗವಾಗಿ ಸುತ್ತುವಾಗ ಬೆರಳುಗಳ ಸುತ್ತ ಕಲೆ ಕಲೆಯಾಗಿ ಕಾಣುತ್ತದೆ. ಬ್ಲೂಟೂತ್ ಹೆಡ್‌ಫೋನಿನಲ್ಲಿ ಧ್ವನಿ ತುಸು ತಡವಾಗುವುದುಂಟು. ಮಾತಿನ ಚಿತ್ರದಲ್ಲಿ ಸಹಿಸಬಹುದು, ಇಲ್ಲಿ ನೆಗೆದವರು ನೆಲಕ್ಕೆ ಬಂದ ಮೇಲೆ ತಾಳ ಬೀಳುತ್ತದೆ. ತಂತಿಯ ಹೆಡ್‌ಫೋನ್ ಹಾಕಿ, ಇಲ್ಲವೇ ಟಿವಿಯ ಧ್ವನಿಯನ್ನೇ ಕೇಳಿ. ತಾಯಿಯ ಎಚ್ಚರಿಕೆ ಅರ್ಥವಾಗದಿದ್ದರೆ ಅಲ್ಲೇ ನಿಲ್ಲಿಸಿ, ಹಿಂದಕ್ಕೆ ಹೋಗಿ ಇನ್ನೊಮ್ಮೆ ನೋಡಿ. ರಂಗಮಂದಿರದಲ್ಲಿ ಕೂತವರಿಗೆ ಆ ಅನುಕೂಲ ಇಲ್ಲ. ಎರಡನೆಯ ಸಲ ನೋಡುವಾಗ ಬೇಕಾದಷ್ಟು ಪಾದ ನೋಡಿ, ನನ್ನ ಅಡ್ಡಿಯಿಲ್ಲ. ಮೊದಲ ಸಲ ಮಾತ್ರ ಕೈ. ನಮಸ್ಕಾರ.