ನದಿಗಿಳಿಯುವ ಮುಂಚೆ ನೀರಿನ ಟೈಮ್ ನೋಡಿ

ನಮಸ್ಕಾರ. ಕಡಲಿಗೆ ಹತ್ತಿರ ಇರುವ, ನದಿ ದಂಡೆಯ ಒಂದು ಪುಟ್ಟ ಊರಿಗೆ ಈ ವಾರ ಹೊರಟಿದ್ದೀರಿ ಅಂದುಕೊಳ್ಳೋಣ. ರೂಮು ಬುಕ್ ಆಗಿದೆ, ಕಯಾಕ್ ಗೊತ್ತುಮಾಡಿದ್ದೀರಿ, ಮಳೆ ಬರುತ್ತಾ ಅಂತ ಹತ್ತು ಸಲ ಫೋನ್ ನೋಡಿದ್ದೀರಿ. ಉಬ್ಬರ ಇಳಿತದ ಪಟ್ಟಿ ನೋಡಿದ್ದೀರಾ? ಇಲ್ಲ ಅಲ್ವಾ? ಯಾರೂ ನೋಡುವುದಿಲ್ಲ, ಎಷ್ಟು ಸಲ ಹೇಳಿದರೂ.

ಕಡಲ ಹತ್ತಿರ ನದಿ ಎರಡೂ ಕಡೆಗೆ ಹರಿಯುತ್ತದೆ. ಸುಮಾರು ಆರು ಗಂಟೆ ನೀರು ಒಳಕ್ಕೆ ಏರುತ್ತದೆ, ಆಮೇಲೆ ಆರು ಗಂಟೆ, ಕೆಲವು ಕಡೆ ಇನ್ನೂ ಜಾಸ್ತಿ, ಹೊರಕ್ಕೆ ಇಳಿಯುತ್ತದೆ. ಒಂದು ಉಬ್ಬರದಿಂದ ಇನ್ನೊಂದಕ್ಕೆ 12 ಗಂಟೆ 25 ನಿಮಿಷ. ಅಂದರೆ ದಿನಾ ಸುಮಾರು 50 ನಿಮಿಷ ತಡ. ನಿನ್ನೆಯ ಪಟ್ಟಿ ಇವತ್ತಿಗೆ ಆಗುವುದಿಲ್ಲ.

ನಾನೂ ಒಮ್ಮೆ ಪಟ್ಟಿ ನೋಡದೆ ಹೋದವನೇ. ಬೆಳಿಗ್ಗೆ ಹತ್ತಕ್ಕೆ ಕಡಲಿನ ದಿಕ್ಕಿಗೆ ಹೊರಟೆ. ದೋಣಿ ಸುಮ್ನೆ ಜಾರುತ್ತಿತ್ತು, ಹುಟ್ಟನ್ನು ತೊಡೆ ಮೇಲೆ ಇಟ್ಟುಕೊಂಡು ಹಕ್ಕಿ ನೋಡುತ್ತಾ, ನನ್ನ ತೋಳಿಗೆ ಎಷ್ಟು ಬಲ ಅಂತ ನಾನೇ ಮೆಚ್ಚಿಕೊಂಡೆ. ಎರಡು ಗಂಟೆ ಬಿಟ್ಟು ವಾಪಸ್ ತಿರುಗಿಸಿದೆ. ದಂಡೆಯಲ್ಲೊಂದು ಮರದ ಬೊಡ್ಡೆ ಇತ್ತು. ಕಾಲು ಗಂಟೆ ಹುಟ್ಟು ಹಾಕಿದ ಮೇಲೂ ಪಕ್ಕದಲ್ಲಿ ಅದೇ ಬೊಡ್ಡೆ! ಇಳಿಯುವ ನೀರಿನಲ್ಲಿ ಸುಮಾರು ಅರ್ಧದಷ್ಟು ಮೂರನೇ, ನಾಲ್ಕನೇ ಗಂಟೆಯಲ್ಲೇ ಹೋಗುತ್ತದೆ, ನಾನು ತಿರುಗಿದ್ದು ಸರಿಯಾಗಿ ಆಗಲೇ. ಸುಸ್ತಾಗಿ ದಂಡೆ ಪಕ್ಕ ನಿಂತೆ. ನೋಡನೋಡುತ್ತಾ ನೀರು ಸರಿದು ದೋಣಿ ಕೆಸರಿನ ಮೇಲೆ ಕೂತಿತು. ಇಳಿಯೋಣ ಅಂತ ಕಾಲಿಟ್ಟರೆ ಮೊಣಕಾಲವರೆಗೆ ಒಳಗೆ. ದೋಣಿ ಮೇಲೆ ಬೋರಲು ಬಿದ್ದು ಕಾಲು ಕಿತ್ತುಕೊಂಡೆ, ಚಪ್ಪಲಿ ಮಾತ್ರ ಅಲ್ಲೇ ಇದೆ, ಇವತ್ತಿಗೂ. ನಾಲ್ಕೂವರೆ ಗಂಟೆ ಬಿಸಿಲಲ್ಲಿ ಕೂತೆ, ಏಡಿಗಳು ಬಿಲದಿಂದ ಬಂದು ನನ್ನನ್ನು ನೋಡಿ ಹೋದವು. ಕೊನೆಗೆ ಉಬ್ಬರ ಬಂತು, ದೋಣಿಯನ್ನು ಎತ್ತಿ ಊರಿನ ಕಟ್ಟೆಯವರೆಗೆ ತಾನೇ ತಂದು ಬಿಟ್ಟಿತು. ಉಬ್ಬರದ ಜೊತೆ ಮೇಲಕ್ಕೆ ಹೋಗಿ ಇಳಿತದ ಜೊತೆ ಮರಳಿದ್ದರೆ ಇದೇ ನದಿ ಎರಡೂ ಕಡೆಗೆ ನನ್ನನ್ನು ಹೊರುತ್ತಿತ್ತು. ಪಟ್ಟಿ ನೋಡಬೇಕಿತ್ತು, ಅಷ್ಟೇ.

ಕಥೆಯಲ್ಲೇ ಟೈಮ್ ಹೋಯಿತು, ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಪಟ್ಟಿಯಲ್ಲಿ ಇರುವುದು ಅಳಿವೆ ಬಾಯಿಯ, ಅಂದರೆ ನದಿ ಕಡಲು ಸೇರುವ ಜಾಗದ, ಟೈಮ್ ಆಗಿದ್ದರೆ, ಊರಿನ ಹತ್ತಿರ ನೀರು ಏರುವುದು ಅದಕ್ಕಿಂತ ತಡ. ಎಷ್ಟು ತಡ ಅಂತ ದೋಣಿಯವರನ್ನೇ ಕೇಳಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಸೆಳೆತ ಜಾಸ್ತಿ. ಲೈಫ್ ಜಾಕೆಟ್ ಮೈಮೇಲೆ ಇರಲಿ, ಸೀಟಿನ ಕೆಳಗಲ್ಲ. ಇಳಿತದ ಹೊತ್ತಲ್ಲಿ ಅಳಿವೆ ಬಾಯಿಯ ಕಡೆಗೆ ಹೋಗಲೇಬೇಡಿ, ಹೊರಗೆ ಹೋಗುವ ನೀರಿಗೆ ಅಲೆ ಎದುರಾಗಿ ಅಲ್ಲಿ ದೋಣಿ ಮಗುಚುತ್ತದೆ. ಪಟ್ಟಿ ಫೋನಿನಲ್ಲೇ ಸಿಗುತ್ತದೆ, ಎರಡು ನಿಮಿಷದ ಕೆಲಸ. ನಮಸ್ಕಾರ.